ಅವ್ವನ ನೆಪ್ಪು ಮತ್ತು ಸೂಜಿ

ಕಳೆದ ಶನಿವಾರ ಪಾಲಕರ ಸಭೆ ಮುಗಿದು, ಎಲ್ಲರೂ ಚಾ ಕುಡಿದು ಎದ್ದು ಹೋದ ಮೇಲೆ, ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳ ತಾಯಿ ಮಾತ್ರ ಬಾಗಿಲ ಹತ್ತಿರ ನಿಂತೇ ಇದ್ದರು. ಮಗಳ ಅಭ್ಯಾಸದ ಬಗ್ಗೆ ಏನೋ ಕೇಳುವುದಿರಬೇಕು ಅಂದುಕೊಂಡೆ. ಅದಲ್ಲ.

"ಗುರುಗಳ, ಒಂದು ಮಾತು ಕೇಳ್ಲೇನ್ರಿ? ನಮ್ಮ ಅತ್ತಿಯವರಿಗಿ ನೆಪ್ಪು ಹಾರ್ಯದ. ಸೋಲಾಪುರದಾಗ ಸೂಜಿ ಚುಚ್ಚಿ ಮರುವು ಕಳೀತಾರಂತ. ನೀವು ನಿಮ್ಮ ಅವ್ವಾರಿಗಿ ಹಾಕ್ಸಿದ್ರಿ ಅಂತ ಕೇಳೀನಿ. ಗುಣ ಬಂತೇನ್ರಿ?"

ನಾನು ಮೇಷ್ಟ್ರು. ದಿನಕ್ಕೆ ನೂರು ಪ್ರಶ್ನೆಗೆ ಉತ್ತರ ಹೇಳುವವನು. ಆದರೆ ಇದಕ್ಕೆ ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. "ನಾಳೆ ಸಾವಕಾಶ ಹೇಳ್ತೀನ್ರಿ ಅಕ್ಕಾರೆ" ಎಂದು ಕಳಿಸಿದೆ. ಮನೆಗೆ ಬಂದು ಕೂತಾಗ ಅನ್ನಿಸಿತು, ಇದು ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ. ಅವರ ಹಾಗೆ ಕೇಳಬೇಕೆಂದಿರುವವರು ಇನ್ನೂ ಹತ್ತು ಮನೆಯಲ್ಲಿ ಇರಬಹುದು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಟಿ.ಸಿ.ಎಚ್., ಬಿ.ಎ. ಓದಿದ, ಅಕ್ಕಲಕೋಟ ತಾಲೂಕಿನ ಒಂದು ಜಿಲ್ಲಾ ಪರಿಷತ್ ಕನ್ನಡ ಶಾಲೆಯ ಮಾಸ್ತರ ಅಷ್ಟೇ. ಅವ್ವನ ಮಗ.

ಅವ್ವನಿಗೆ ಈಗ ಎಪ್ಪತ್ನಾಲ್ಕು, ಆಧಾರ್ ಕಾರ್ಡಿನ ಲೆಕ್ಕದಲ್ಲಿ. ನಿಜವಾದ ವಯಸ್ಸು ಅವಳಿಗೂ ಗೊತ್ತಿಲ್ಲ. ಶುರುವಾಗಿದ್ದು ಬ್ಯಾಳಿಗೆ ಎರಡು ಸಲ ಉಪ್ಪು ಹಾಕುವುದರಿಂದ. ಮನೆಯಲ್ಲಿ ನಕ್ಕೆವು. ಆಮೇಲೆ ಮಾಡಿದ ಚಟ್ನಿಯನ್ನೇ ಮತ್ತೆ ಮಾಡಲು ಶೇಂಗಾ ಹುರಿಯತೊಡಗಿದಳು. ಅದಕ್ಕೂ ನಕ್ಕೆವು. "ಅರವತ್ತಕ್ಕ ಅರಳು ಮರಳು, ನಿಮ್ಮವ್ವಗ ಎಪ್ಪತ್ತಾಯ್ತು, ತಡವಾಗಿ ಬಂದದ ಬಿಡು" ಅಂದರು ಓಣಿಯ ಹಿರಿಯರು. ಒಂದು ದಿನ ಸಂಜೆ ನಾನು ಶಾಲೆಯಿಂದ ಬಂದು ಸೈಕಲ್ ಮೋಟಾರು ನಿಲ್ಲಿಸುತ್ತಿದ್ದಾಗ ಅವ್ವ ಹೊರಗೆ ಬಂದು, "ನಿಮ್ಮಪ್ಪ ಹೊಲದಿಂದ ಇನ್ನಾ ಬಂದಿಲ್ಲ, ಕಂದೀಲು ತಗೊಂಡು ಹೋಗಿ ನೋಡು" ಅಂದಳು. ಅಪ್ಪ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಮನೆಯಲ್ಲಿ ಕಂದೀಲು ಇಲ್ಲದೆಯೂ ಇಪ್ಪತ್ತು ವರ್ಷ. ಅವತ್ತು ಯಾರೂ ನಗಲಿಲ್ಲ.

ಸೋಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದು ನಮ್ಮ ಗಡಿಯ ಮನೆಗಳೆಲ್ಲದರ ಪಾಡು. ಡಾಕ್ಟರು ಒಳ್ಳೆಯವರು, ತರುಣರು. ನೆನಪಿನ ಪರೀಕ್ಷೆ ಮಾಡಿದರು, ಮರಾಠಿಯಲ್ಲಿ. "ಹೇ ಕೋಣತಂ ಸಾಲ ಆಹೇ?" ಅವ್ವ ನನ್ನ ಮುಖ ನೋಡಿದಳು. ಇಸವಿ ಅವಳಿಗೆ ಯಾವತ್ತೂ ಗೊತ್ತಿರಲಿಲ್ಲ! ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದರು. ಒಂದು ಹಾಳೆ ಕೊಟ್ಟು ಚಿತ್ರ ನೋಡಿ ಅದರಂತೆ ಬರೆಯಿರಿ ಅಂದರು. ಪೆನ್ನು ಹಿಡಿಯದ ಕೈ ಅದು. ಈಗ ನಾವಿರುವ ರಾಜ್ಯ ಯಾವುದು ಅಂದಾಗ ಅವ್ವ ತಟಕ್ಕನೆ "ಕರ್ನಾಟಕ" ಅಂದಳು. ಅದಕ್ಕೂ ಸೊನ್ನೆ. ಮಹಾಜನ ವರದಿ ಅವ್ವ ಓದಿದವಳಲ್ಲ, ಆದರೆ ಆಡುವ ಮಾತು ಕನ್ನಡ ಇದ್ದ ಮೇಲೆ ರಾಜ್ಯ ಬೇರೆ ಹ್ಯಾಗಾಗುತ್ತದೆ ಎಂದು ಅವಳ ಲೆಕ್ಕ.

ಅಂಕ ನೋಡಿ ನನಗೇ ಎದೆ ಧಸಕ್ಕೆಂದಿತು. ಮನಸ್ಸು ತಡೆಯದೆ ಹೇಳಿದೆ, "ಸರ್, ನಾ ಕನ್ನಡದಾಗ ಕೇಳ್ಲಿ?" ಅವರು ಬೇಡ ಅನ್ನಲಿಲ್ಲ. "ಅವ್ವಾ, ಈಗ ಯಾವ ಅಮಾಸಿ ಬರ್ತದ?" ಅಂದೆ. "ಕಾರಹುಣ್ಣಿವಿ ಆಯ್ತಲ್ಲ, ಮಣ್ಣೆತ್ತಿನ ಅಮಾಸಿ" ಅಂದಳು. ಸರಿ ಇತ್ತು. ವಾರ ಕೇಳಿದೆ, ತಪ್ಪಿದಳು. ನೆನಪಿಡು ಎಂದು ಹೇಳಿದ ಮೂರು ಸಾಮಾನಿನಲ್ಲಿ ಎರಡನ್ನು ಐದು ನಿಮಿಷದಲ್ಲಿ ಮರೆತಿದ್ದಳು. ರೋಗ ಇತ್ತು, ಇಲ್ಲವೆಂದಲ್ಲ. ಆದರೆ ಮರಾಠಿ ಹಾಳೆ ಹೇಳಿದಷ್ಟು ಇರಲಿಲ್ಲ. ಓದು ಬರಹ ಬಾರದವರಿಗೆ ಈ ಪರೀಕ್ಷೆ ಅನ್ಯಾಯ ಮಾಡುತ್ತದೆಂದು ಕಂಡುಕೊಂಡೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಹಿಂದಿಯಲ್ಲಿ ಬೇರೆಯೇ ಪ್ರಶ್ನೆಗಳನ್ನು ತಯಾರಿಸಿದ್ದರೆಂದು ಆಮೇಲೆ ಓದಿದೆ. ನಿಮ್ಮ ಮನೆಯ ಹಿರಿಯರನ್ನು ಕರೆದೊಯ್ದಾಗ ಭಾಷೆಯ ವಿಷಯ ಬಾಯಿಬಿಟ್ಟು ಹೇಳಿ. ನಾಚಿಕೆ ಬೇಡ.

ರಕ್ತ ತಪಾಸಣೆ, ತಲೆಯ ಸ್ಕ್ಯಾನ್ ಎಲ್ಲ ಆಯಿತು. ಬಿ12 ಜೀವಸತ್ವ ಬಹಳ ಕಡಿಮೆ ಇತ್ತು. ಅದಕ್ಕೆ ಇಂಜೆಕ್ಷನ್ ಕೊಟ್ಟರು, ಮುಖದಲ್ಲಿ ಒಂದಿಷ್ಟು ಕಳೆ ಬಂತು. ಬಿ12 ಕೊರತೆ, ಥೈರಾಯಿಡ್, ಮನಸ್ಸಿನ ಖಿನ್ನತೆ, ಕಿವಿ ಕೇಳದಿರುವುದು ಇವೆಲ್ಲ ಮರೆವಿನ ರೋಗದ ವೇಷ ಹಾಕಿಕೊಂಡು ಬರುತ್ತವೆ, ಅಥವಾ ಇದ್ದ ಮರೆವನ್ನು ಹೆಚ್ಚಿಸುತ್ತವೆ. ಅವಕ್ಕೆ ಮದ್ದಿದೆ. ಉಳಿದದ್ದು ಡಿಮೆನ್ಶಿಯಾ, ಬಹುಶಃ ಅಲ್ಝೈಮರ್ ಅಂದರು. ಲೋಕದಲ್ಲಿ ಡಿಮೆನ್ಶಿಯಾ ಆದವರಲ್ಲಿ ನೂರಕ್ಕೆ 60ರಿಂದ 70 ಜನರದು ಇದೇ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ತೊಂದರೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಡೊನೆಪೆಝಿಲ್ ಎಂಬ ಗುಳಿಗೆ ಬರೆದುಕೊಟ್ಟರು. "ಇದು ರೋಗ ತೆಗೆಯೋದಿಲ್ಲ, ಕೆಲವರಿಗೆ ಕೆಲವು ದಿನ ಊರುಗೋಲು ಆಗ್ತದೆ" ಎಂದು ಡಾಕ್ಟರು ಸುಳ್ಳಿಲ್ಲದೆ ಹೇಳಿದರು.

ಆದರೆ ಊರುಗೋಲು ಯಾರಿಗೆ ಬೇಕು? ನಮಗೆ ಕಾಲೇ ಬೇಕಿತ್ತು.

ಪುಣೆಯಲ್ಲಿರುವ ತಮ್ಮ ಫೋನ್ ಮಾಡಿದ. ಅವನ ಕಂಪನಿಯ ಗೆಳೆಯರ ಗುಂಪಿನಲ್ಲಿ ಯಾರೋ ಕಳಿಸಿದ್ದರಂತೆ, ಚೀನಾದ ಸೂಜಿ ಚಿಕಿತ್ಸೆಯಿಂದ ಮರೆವು ಹೋಗುತ್ತದೆ ಎಂದು. ಸೋಲಾಪುರದಲ್ಲೇ ಒಂದು ಕೇಂದ್ರವಿದೆ, ಹತ್ತು ಸಲಕ್ಕೆ ಒಂದು ಸುತ್ತು, ಒಂದು ಸಲಕ್ಕೆ ಮುನ್ನೂರೈವತ್ತು ರೂಪಾಯಿ. "ಅಣ್ಣಾ, ರೊಕ್ಕ ನಾ ಕೊಡ್ತೀನಿ, ನೀ ಬರೇ ಕರಕೊಂಡು ಹೋಗು" ಅಂದ. ಆ "ಬರೇ" ಎಂಬ ಮಾತು ನನಗೆ ಚುಚ್ಚಿತು. ಶಾಲೆಗೆ ಅರ್ಧ ದಿನದ ರಜೆ, ಎಸ್.ಟಿ. ಗಾಡಿಯಲ್ಲಿ ಅವ್ವನ ಅರ್ಧ ತಿಕೀಟು, ದಾರಿಯಲ್ಲಿ ಹತ್ತು ಸಲ "ಎಲ್ಲಿಗಿ ಹೊಂಟೇವಿ?" ಎಂಬ ಪ್ರಶ್ನೆ. ಇದೆಲ್ಲ "ಬರೇ"ಯಲ್ಲಿ ಬಂತು. ಈಗ ಯೋಚಿಸಿದರೆ ಅವನ ಮೇಲೆ ಸಿಟ್ಟಿಲ್ಲ. ದೂರ ಇದ್ದವರಿಗೆ ರೊಕ್ಕವೇ ಕೈ, ಅದನ್ನೇ ಚಾಚುತ್ತಾರೆ.

ನಾನೂ ಒಪ್ಪಿದೆ. ಒಪ್ಪಲು ಇನ್ನೊಂದು ಕಾರಣ ಕೇಂದ್ರದ ಗೋಡೆಯ ಮೇಲಿದ್ದ ಡಾ. ಕೋಟ್ನೀಸರ ಫೋಟೋ. ನಮ್ಮ ಜಿಲ್ಲೆಯವರಿಗೆ ಆ ಹೆಸರು ಅಂದರೆ ಮುಗಿಯಿತು. 1910ರಲ್ಲಿ ಸೋಲಾಪುರದಲ್ಲಿ ಹುಟ್ಟಿ, 1938ರಲ್ಲಿ ಚೀನಾಕ್ಕೆ ಹೋದ ಐದು ಭಾರತೀಯ ವೈದ್ಯರಲ್ಲಿ ಒಬ್ಬರಾಗಿ, ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಮಾಡುತ್ತ 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡವರು. ಆಗ ಅವರಿಗೆ ಮೂವತ್ತೆರಡು ವರ್ಷ. ಅವರ ಕಥೆಯನ್ನು ವರ್ಷವರ್ಷವೂ ಮಕ್ಕಳಿಗೆ ಹೇಳುವವನು ನಾನು. ಆ ಫೋಟೋದ ಕೆಳಗೆ ಕೂತಾಗ ಇದು ನಮ್ಮೂರಿನ ಪುಣ್ಯಾತ್ಮರು ತಂದ ವಿದ್ಯೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ತಪ್ಪು. ಕೋಟ್ನೀಸರು ಶಸ್ತ್ರಚಿಕಿತ್ಸಕರು, ಅಲ್ಲಿ ಮಾಡಿದ್ದು ಗಾಯಾಳುಗಳ ಆಪರೇಷನ್. ಅದೇ ತಂಡದಲ್ಲಿದ್ದ ಬಂಗಾಳದ ಡಾ. ಬಿ. ಕೆ. ಬಸು ಜೀವಂತ ಮರಳಿ ಬಂದು, 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಕಲಕತ್ತೆಗೆ ತಂದರು. ಕೋಟ್ನೀಸರ ಹೆಸರು ಈ ಚಿಕಿತ್ಸೆಗೆ ಅಂಟಿದ್ದು ಗೆಳೆಯನ ಮೇಲಿನ ಗೌರವದಿಂದ. ಮಕ್ಕಳಿಗೆ ಇತಿಹಾಸ ಹೇಳುವ ಮಾಸ್ತರನೇ ಫೋಟೋ ನೋಡಿ ಮೋಸ ಹೋದ, ನೋಡಿ.

ಸೂಜಿ ಹಾಕುವವರನ್ನು ನಾನು ಕೆಟ್ಟವರೆಂದು ಹೇಳುವುದಿಲ್ಲ. ಮಾತು ಮೃದು. ಕೈ ತೊಳೆಯುತ್ತಿದ್ದರು, ಪ್ರತಿಸಲ ಹೊಸ ಸೂಜಿಯ ಪಾಕೀಟು ನಮ್ಮ ಎದುರಿಗೇ ಒಡೆಯುತ್ತಿದ್ದರು. ಸೂಜಿ ಅಂದರೆ ನಮ್ಮ ಇಂಜೆಕ್ಷನ್ ಸೂಜಿಯಲ್ಲ, ಕಾಲು ಮಿಲಿಮೀಟರ್ ದಪ್ಪದ್ದು, ಒಳಗೆ ತೂತಿಲ್ಲ, ಔಷಧವೂ ಇಲ್ಲ. ನೆತ್ತಿಯ ಮೇಲೆ ಒಂದು. ಆ ಜಾಗಕ್ಕೆ ಚೀನೀ ಭಾಷೆಯಲ್ಲಿ ಬೈಹುಯಿ, ಅಂದರೆ ನೂರು ಕೂಡುವ ಜಾಗ ಎಂದು ಹೆಸರು. ಅದರ ಸುತ್ತ ನಾಲ್ಕು. ಮಣಿಕಟ್ಟಿನಲ್ಲಿ ಒಂದೊಂದು, ಮೊಣಕಾಲಿನ ಕೆಳಗೆ ಒಂದೊಂದು. ಹಾಗೇ ಇಪ್ಪತ್ತೈದು ನಿಮಿಷ ಕೂಡಿಸುತ್ತಾರೆ. ಮೈಯಲ್ಲಿ 'ಚಿ' ಎಂಬ ಶಕ್ತಿ ಹರಿಯುವ ಕಾಲುವೆಗಳಿವೆ, ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲಿ ಸೂಜಿ ದಾರಿ ಬಿಡಿಸುತ್ತದೆ ಎಂದು ಅವರು ವಿವರಿಸಿದರು. ನಮ್ಮ ಹೊಲದ ಕಾಲುವೆ ಸರಿ ಮಾಡಿದಂತೆ ಎಂದು ನನಗೂ ಅರ್ಥವಾದ ಹಾಗಾಯಿತು.

ಮೊದಲ ದಿನ ಅವ್ವ ಸುಮ್ಮನೆ ಕೂತಳು. ಅವರು ಅವಳ ಕೈ ಹಿಡಿದು ನಾಡಿ ನೋಡಿದರು, ನಾಲಿಗೆ ನೋಡಿದರು, "ಆಯಿ, ಜೇವಣ ಝಾಲಂ ಕಾ?" ಎಂದು ಊಟದ ವಿಷಯ ಕೇಳಿದರು. ಇಷ್ಟು ಹೊತ್ತು ಅವ್ವನ ಕೈ ಹಿಡಿದು ನಾನು ಕೂತು ಎಷ್ಟು ವರ್ಷವಾಗಿತ್ತೋ. ಅವತ್ತು ರಾತ್ರಿ ಅವ್ವ ನಿದ್ದೆ ಮಾಡಿದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಇಡೀ ರಾತ್ರಿ. ನಾನು ತಮ್ಮನಿಗೆ ಫೋನ್ ಮಾಡಿ, "ಗುಣ ಬರ್ಲಕತ್ತದ" ಅಂದೆ. ಅವನು ಆ ಕಡೆ ಅತ್ತ.

ಮೂರನೇ ಸಲದಿಂದ ರಗಳೆ ಶುರುವಾಯಿತು. ನಮ್ಮ ಕಡೆ ಇಂಜೆಕ್ಷನ್‌ಗೂ ಸೂಜಿ ಅನ್ನುತ್ತೇವಲ್ಲ, ಅವ್ವ ಪಾಕೀಟು ಕಂಡ ಕೂಡಲೇ ಕೈ ಹಿಂದೆ ತೆಗೆದುಕೊಂಡು, "ನನಗ ಜ್ವರ ಇಲ್ಲ, ಯಾಕ ಸೂಜಿ ಮಾಡ್ತೀರಿ?" ಅಂದಳು. ನಾನು ವಿವರಿಸಿದೆ. ಒಪ್ಪಿದಳು. ನೆತ್ತಿಗೆ ಹಾಕಿ ಕೈಗೆ ಬರುವಷ್ಟರಲ್ಲಿ ಮರೆತಿದ್ದಳು. "ಯಾರ್ರೀ ನೀವು? ಯಾಕ ಚುಚ್ಚತೀರಿ?" ಮತ್ತೆ ವಿವರಿಸಿದೆ. ಐದನೇ ಸಲ ನಾನೇ ಅವಳ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವ್ವ ನನ್ನನ್ನು ನೋಡಿದಳು. ಆ ನೋಟದಲ್ಲಿ ನಾನು ಅವಳ ಮಗನಾಗಿರಲಿಲ್ಲ, ಚುಚ್ಚುವವರ ಕಡೆಯ ಒಬ್ಬ ಗಂಡಸು ಅಷ್ಟೇ.

ಶಾಲೆಗೆ ಲಸಿಕೆ ಹಾಕಲು ಬರುವ ದಿನ ಮಕ್ಕಳು ಬಚ್ಚಲಿನಲ್ಲಿ ಹೋಗಿ ಅಡಗುತ್ತಾರೆ. ಎಳೆದುಕೊಂಡು ಬಂದು, ತೊಡೆಯ ಮೇಲೆ ಕೂಡಿಸಿಕೊಂಡು, ಯಾಕೆ ಬೇಕು ಎಂದು ಹೇಳಿ ಹಾಕಿಸುತ್ತೇವೆ. ಮಕ್ಕಳು ಅಳುತ್ತಾರೆ, ಆದರೆ ಮರುದಿನ "ನನಗ ನೋವೇ ಆಗ್ಲಿಲ್ಲ ಗುರುಗಳ" ಎಂದು ಜಂಬ ಕೊಚ್ಚುತ್ತಾರೆ. ಕಾರಣ ಅವರಿಗೆ ನೆನಪಿರುತ್ತದೆ. ಅವ್ವನಿಗೆ ಕಾರಣ ನಿಲ್ಲುವುದಿಲ್ಲ, ನೋವು ಮಾತ್ರ ನಿಲ್ಲುತ್ತದೆ. ಎಷ್ಟು ಸಲ ಹಾಕಿಸಿದರೂ ಅವಳಿಗೆ ಅದು ಮೊದಲನೇ ಸೂಜಿ. ಒಪ್ಪಿಗೆ ಒಮ್ಮೆ ಕೊಟ್ಟಳಲ್ಲ ಎಂದು ನಾನು ಹೇಳಿಕೊಳ್ಳಬಹುದು, ಆದರೆ ಕೊಟ್ಟವಳು ಈಗ ಅಲ್ಲಿಲ್ಲ. ಈ ಒಂದು ವಿಷಯವನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ. ಸೂಜಿಯಿಂದ ಗುಣವಿದೆಯೋ ಇಲ್ಲವೋ ಎಂಬ ಚರ್ಚೆಗಿಂತ ಇದು ದೊಡ್ಡದು ಎಂದು ಈಗ ಅನ್ನಿಸುತ್ತದೆ.

ಏಳನೇ ಸಲ ಅವ್ವ ಸೂಜಿ ಇದ್ದಂತೆಯೇ ಎದ್ದು ನಡೆದಳು. ನೆತ್ತಿಯ ಮೇಲಿನದಕ್ಕೆ ಸೆರಗು ಸಿಕ್ಕಿಕೊಂಡಿತು, ಮೊಣಕಾಲ ಕೆಳಗಿನದು ಬಾಗಿ ಒಂದು ಹನಿ ರಕ್ತ ಬಂತು. ದೊಡ್ಡ ಗಾಯವೇನಲ್ಲ. ಆದರೆ ಅವಳು ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವಳಾಗಿದ್ದರೆ? ಕೆಲವು ಕಡೆ ಸೂಜಿಗೆ ತಂತಿ ಸೇರಿಸಿ ಸಣ್ಣ ಕರೆಂಟು ಕೊಡುತ್ತಾರೆ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಅದು ಅಪಾಯ. ಇದನ್ನೆಲ್ಲ ಯಾರೂ ನಮ್ಮನ್ನು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಇನ್ನೊಂದು ತಪ್ಪು ಹೇಳಿಕೊಳ್ಳಬೇಕು. ಎರಡನೇ ಸುತ್ತು ಶುರುವಾದಾಗ, "ಇಂಗ್ಲಿಷ್ ಗುಳಿಗೆ ಇರುವ ತನಕ ಸೂಜಿಯ ಪೂರ್ತಿ ಗುಣ ಕಾಣೋದಿಲ್ಲ, ಬಿಟ್ಟು ನೋಡಿ" ಅಂದರು. ಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಮೂರನೇ ವಾರದಲ್ಲಿ ಒಂದು ನಸುಕಿಗೆ ಬಾಗಿಲು ತೆರೆದಿತ್ತು, ಅವ್ವ ಹಾಸಿಗೆಯಲ್ಲಿ ಇರಲಿಲ್ಲ. ಹಾಲು ಹಾಕುವ ಹುಡುಗ, ನನ್ನದೇ ಹಳೆಯ ವಿದ್ಯಾರ್ಥಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕಂಡು ಕೂಡಿಸಿಕೊಂಡು ಬಂದ. ತವರಿನ ಗಾಡಿಗೆ ಕಾಯುತ್ತಿದ್ದಳಂತೆ. ಕಂಕುಳಲ್ಲಿ ಬಟ್ಟೆಯ ಗಂಟು. ಗುಳಿಗೆ ಬಿಟ್ಟಿದ್ದರಿಂದಲೇ ಹೋದಳೆಂದು ನಾನು ಹೇಳಲಾರೆ, ಈ ರೋಗದಲ್ಲಿ ಹಾಗೆ ಹೊರಟುಬಿಡುವುದು ಇದ್ದದ್ದೇ. ಆದರೆ ಡಾಕ್ಟರ ಎದುರು ತಲೆ ತಗ್ಗಿಸಿ ನಿಂತಾಗ ಅವರು ಹೇಳಿದ ಮಾತು ಸರಿಯಿತ್ತು. "ಪೂರಕ ಅಂದ್ರೆ ಜೊತೆಗೆ ಇರೋದು ಗುರುಜಿ. ಇದ್ದದ್ದನ್ನ ತೆಗೆದು ಹಾಕಿದ್ರೆ ಅದು ಪೂರಕ ಹೆಂಗಾತು?" ಮತ್ತೆ ಕಡಿಮೆ ಪ್ರಮಾಣದಿಂದ ಶುರು ಮಾಡಿಸಿದರು.

ಆ ಮೇಲೆಯೇ ನಾನು ಓದಲು ಕೂತದ್ದು. ಮೊದಲು ಓದಿ ಆಮೇಲೆ ಹೋಗಬೇಕಿತ್ತು, ಇರಲಿ. ಅಕ್ಯುಪಂಕ್ಚರ್‌ಗೆ ನಮ್ಮಲ್ಲಿ ಸರಕಾರದ ಮನ್ನಣೆ ಇಲ್ಲವೆಂದಲ್ಲ. 2019ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದನ್ನು ಸ್ವತಂತ್ರ ಪದ್ಧತಿಯೆಂದು ಒಪ್ಪಿತು. ಆದರೆ ಒಂದು ಪದ್ಧತಿಗೆ ಮನ್ನಣೆ ಕೊಡುವುದು ಬೇರೆ, ಒಂದು ರೋಗಕ್ಕೆ ಅದು ಗುಣ ಕೊಡುತ್ತದೆಯೇ ಎಂಬುದು ಬೇರೆ. ಶಾಲೆಗೆ ಮಾನ್ಯತೆ ಇದ್ದ ಮಾತ್ರಕ್ಕೆ ಎಲ್ಲ ಮಕ್ಕಳೂ ಪಾಸಾದಂತೆ ಅಲ್ಲವಲ್ಲ!

ಲೋಕದ ಪ್ರಯೋಗಗಳನ್ನೆಲ್ಲ ಜಾಲಿಸಿ ನೋಡುವ ಕೊಕ್ರೇನ್ ಎಂಬ ಬಳಗವಿದೆ. ಮೆದುಳಿನ ರಕ್ತನಾಳ ಕೆಟ್ಟು ಬರುವ ಡಿಮೆನ್ಶಿಯಾಕ್ಕೆ ಸೂಜಿ ಚಿಕಿತ್ಸೆ ಹೇಗೆ ಎಂದು ಅವರು 2007ರಲ್ಲಿ ಹುಡುಕಿದಾಗ, ಸರಿಯಾದ ಕ್ರಮದಲ್ಲಿ ನಡೆದು ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಒಂದು ಪ್ರಯೋಗವೂ ಸಿಗಲಿಲ್ಲ. ಆಮೇಲೆ ಚೀನಾದಲ್ಲಿ ಬಹಳ ಪ್ರಯೋಗಗಳಾದವು. ಗುಳಿಗೆಯ ಜೊತೆ ಸೂಜಿ ಹಾಕಿದರೆ ಪರೀಕ್ಷೆಯ ಅಂಕ ಸ್ವಲ್ಪ ಏರುತ್ತದೆ ಎಂದು ಹಲವು ಹೇಳುತ್ತವೆ. ಆದರೆ ಅವುಗಳನ್ನು ಕೂಡಿಸಿ ನೋಡಿದವರೇ ಪ್ರಯೋಗಗಳು ಸಣ್ಣವು, ಅಚ್ಚುಕಟ್ಟಾಗಿಲ್ಲ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ವೈದ್ಯರಿಗೆ ದಾರಿ ತೋರಿಸುವ ನೈಸ್ ಎಂಬ ಸಂಸ್ಥೆ 2018ರಲ್ಲಿ ಡಿಮೆನ್ಶಿಯಾಕ್ಕೆ ಚಿಕಿತ್ಸೆಯೆಂದು ಅಕ್ಯುಪಂಕ್ಚರ್ ಕೊಡಬೇಡಿ ಎಂದು ನೇರವಾಗಿ ಬರೆದಿದೆ. ಅದೇ ಪುಸ್ತಕದಲ್ಲಿ, ಅವರವರಿಗೆ ಇಷ್ಟವಾದ ಕೆಲಸ, ಗುಂಪಿನಲ್ಲಿ ಕೂತು ಮಾತು ಆಟ, ಹಳೆಯ ನೆನಪು ಕೆದಕುವುದು ಇಂಥವನ್ನು ಮಾಡಿಸಿ ಎಂದಿದೆ. ಅಂದರೆ ಹಿಂದೆ ನಮ್ಮ ಕಟ್ಟೆಗಳ ಮೇಲೆ ಫೀ ಇಲ್ಲದೆ ನಡೆಯುತ್ತಿದ್ದದ್ದು.

ಸೂಜಿಯನ್ನು ಪರೀಕ್ಷಿಸುವುದೇ ಕಷ್ಟ ಎಂಬುದು ನನಗೆ ಬಹಳ ಕುತೂಹಲದ ಸಂಗತಿ ಅನ್ನಿಸಿತು. ಗುಳಿಗೆಯಾದರೆ ಅದೇ ಬಣ್ಣದ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಸುಳ್ಳು ಸೂಜಿ ಹಾಕುವುದು ಹ್ಯಾಗೆ? 1998ರಲ್ಲಿ ಜರ್ಮನಿಯವರು ಒಂದು ಉಪಾಯ ಮಾಡಿದರು. ನಾಟಕದ ಕಂಪನಿಯ ಚೂರಿ ನೋಡಿದ್ದೀರಲ್ಲ, ಎದೆಗೆ ಒತ್ತಿದರೆ ಅಲಗು ಹಿಡಿಕೆಯೊಳಗೆ ಸರಿಯುತ್ತದೆ, ನೋಡುವವರಿಗೆ ಚುಚ್ಚಿದಂತೆಯೇ! ಅದೇ ರೀತಿಯ ಸೂಜಿ. ಚುಚ್ಚಿಸಿಕೊಂಡವರಿಗೆ ಒಳಗೆ ಹೋದಂತೆ ಅನ್ನಿಸುತ್ತದೆ, ಹೋಗಿರುವುದಿಲ್ಲ. ಆದರೂ ಹಾಕುವ ಮನುಷ್ಯನಿಗಂತೂ ಖರೆ ಯಾವುದು ಸುಳ್ಳು ಯಾವುದು ಗೊತ್ತಿರುತ್ತದೆ. ಅವನ ಮುಖ, ಅವನ ಮಾತು ರೋಗಿಗೆ ತಾಗದೆ ಇರುತ್ತದೆಯೇ?

ಹಾಗಾದರೆ ಅವ್ವ ಅವತ್ತು ರಾತ್ರಿ ನಿದ್ದೆ ಮಾಡಿದ್ದು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಸಿಕ್ಕಿದ್ದು ನನ್ನ ಹೆಂಡತಿಯಿಂದ. ರಾತ್ರಿ ಅವ್ವ ಎದ್ದು ಕೂಗುವಾಗೆಲ್ಲ ಅವಳ ಕೈ ಎಡಗಡೆಯ ಮೊಣಕಾಲಿನ ಮೇಲೆಯೇ ಇರುತ್ತದೆ ಎಂದು ಅವಳು ಗಮನಿಸಿದ್ದಳು. "ಕಾಲು ಬ್ಯಾನಿ ಆಗ್ತದೇನ್ರಿ ಅತ್ತಿ?" ಅಂದರೆ ಅವ್ವ "ಇಲ್ಲ" ಅನ್ನುತ್ತಾಳೆ. ನೋವು ಎಂಬ ಮಾತು ಅವಳಿಂದ ಜಾರಿತ್ತು, ನೋವು ಜಾರಿರಲಿಲ್ಲ. ಡಾಕ್ಟರಿಗೆ ಹೇಳಿದೆ. ಮೊಣಕಾಲು ಸವೆದಿತ್ತು. ಪ್ಯಾರಾಸಿಟಮಾಲ್ ಬರೆದರು, ಹೊತ್ತು ಹೊತ್ತಿಗೆ ಇಷ್ಟೇ ಎಂದು ಲೆಕ್ಕ ಹಾಕಿ. ವಾರದೊಳಗೆ ರಾತ್ರಿಯ ಕೂಗಾಟ ಅರ್ಧವಾಯಿತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. 2011ರಲ್ಲಿ ನಾರ್ವೆ ದೇಶದ 18 ನರ್ಸಿಂಗ್ ಹೋಮುಗಳಲ್ಲಿದ್ದ 352 ಮರೆವಿನ ರೋಗಿಗಳ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಸಿಡುಕುವ, ಕೂಗಾಡುವ ಹಿರಿಯರಲ್ಲಿ ಒಂದು ಪಾಲಿನವರಿಗೆ ಕ್ರಮವಾಗಿ ನೋವಿನ ಔಷಧ, ಹೆಚ್ಚಿನವರಿಗೆ ಬರೀ ಪ್ಯಾರಾಸಿಟಮಾಲ್, ಎಂಟು ವಾರ ಕೊಟ್ಟರು. ಅವರ ಸಿಡುಕು ಸ್ಪಷ್ಟವಾಗಿ ಇಳಿಯಿತು. ಹುಚ್ಚೆಂದುಕೊಂಡದ್ದು ಎಷ್ಟೋ ಸಲ ಮೊಣಕಾಲು, ಹಲ್ಲು, ಮಲಬದ್ಧತೆ. ಅಕ್ಯುಪಂಕ್ಚರ್‌ಗೆ ಇದ್ದುದರಲ್ಲಿ ಗಟ್ಟಿ ಪುರಾವೆ ಇರುವುದೂ ತಲೆನೋವು, ಬೆನ್ನುನೋವಿನಂಥ ಹಳೆಯ ನೋವುಗಳಲ್ಲೇ. ಮೊಣಕಾಲಿನ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಹಾಗಾಗಿ ಆ ಮೊದಲ ದಿನ ಅವ್ವನ ಕಾಲಿನ ಸೂಜಿ ಒಂದಿಷ್ಟು ನೋವು ತಗ್ಗಿಸಿತೋ, ಇಪ್ಪತ್ತೈದು ನಿಮಿಷ ಯಾರೋ ಕೈ ಹಿಡಿದು ಕೂತದ್ದೇ ಸಾಕಾಯಿತೋ, ಗಾಡಿಯ ದಣಿವೋ... ನೆನಪಂತೂ ಒಂದು ಕಾಳಿನಷ್ಟೂ ಮರಳಲಿಲ್ಲ. ಎರಡನೇ ಸುತ್ತು ಅರ್ಧಕ್ಕೇ ಬಿಟ್ಟೆ.

ತಮ್ಮ ಸಿಟ್ಟಾದ. "ನಿನಗ ಬ್ಯಾಸರಾಗ್ಯದ, ಅದಕ್ಕ ಬಿಟ್ಟಿ" ಅಂದ. ಎರಡು ತಿಂಗಳು ಮಾತಿಲ್ಲ. ದೀಪಾವಳಿಗೆ ಬಂದವನು ನಾಲ್ಕು ರಾತ್ರಿ ಅವ್ವನ ಪಕ್ಕ ಮಲಗಿದ. ಐದನೇ ದಿನ ಬೆಳಿಗ್ಗೆ ಚಾ ಕುಡಿಯುತ್ತ, "ಅಣ್ಣಾ, ಆ ಸೂಜಿ ರೊಕ್ಕದಾಗ ವೈನಿಗೆ ಕೈಯಾಸರಕ್ಕ ಯಾರನ್ನರೆ ಇಡೋಣೇನು?" ಅಂದ. ಈಗ ಓಣಿಯ ಒಬ್ಬ ಹೆಣ್ಣುಮಗಳು ಮಧ್ಯಾಹ್ನ ಮೂರು ತಾಸು ಬಂದು ಕೂಡುತ್ತಾಳೆ. ಅವ್ವನ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾಳೆ, ಹಳೆಯ ಸುದ್ದಿ ಕೇಳುತ್ತಾಳೆ. ನನ್ನ ಹೆಂಡತಿ ಆ ಮೂರು ತಾಸು ಮಲಗುತ್ತಾಳೆ. ನಮ್ಮ ಮನೆಯಲ್ಲಿ ಫಲ ಕೊಟ್ಟ ಪೂರಕ ಚಿಕಿತ್ಸೆ ಅದೊಂದೇ ಎಂದರೂ ನಡೆದೀತು.

ಅಕ್ಕಾರೆ, ನಿಮಗೆ ಹೇಳಬೇಕಾದದ್ದು ಇಷ್ಟೇ. ನಿಮ್ಮ ಅತ್ತೆಯವರ ಬಿ12, ಥೈರಾಯಿಡ್ ಮೊದಲು ನೋಡಿಸಿ, ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ನೋಡಿಸಿ. ಸೂಜಿ ಹಾಕುವವರನ್ನು "ಯಾವ ತ್ರಾಸಿಗೆ ಹಾಕ್ತೀರಿ?" ಎಂದು ಕೇಳಿ. ನೋವಿಗೆ ಅಂದರೆ, ಡಾಕ್ಟರನ್ನು ಕೇಳಿ, ಅವರು ತಿನ್ನುವ ಗುಳಿಗೆಗಳ ಚೀಟಿ ತೋರಿಸಿ, ನಾಲ್ಕು ಸಲ ನೋಡಬಹುದು. ಮರೆವು ಕಳೆಯುತ್ತೇವೆ ಅಂದರೆ ಆ ರೊಕ್ಕ ಉಳಿಸಿ. ಗುಳಿಗೆ ಬಿಡಿ ಅಂದರೆ ಅಲ್ಲಿಂದ ಎದ್ದು ಬನ್ನಿ. ಅತ್ತೆಯವರು ಕೈ ಹಿಂದೆ ಎಳೆದುಕೊಂಡರೆ ಅದೇ ಅವರ ಉತ್ತರ, ನನ್ನ ಹಾಗೆ ಗಟ್ಟಿ ಹಿಡಿಯಬೇಡಿ. ಸಲಹೆ ಕೇಳಲು ಯಾರೂ ಸಿಗದಿದ್ದರೆ ಹಿರಿಯರಿಗಾಗಿ 14567 ಎಂಬ ಸರಕಾರಿ ಸಹಾಯವಾಣಿ ಇದೆ, ಖರ್ಚಿಲ್ಲ.

ಒಂದು ಮಾತು ಉಳಿಯಿತು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಮಂಡಳಿ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಎಲ್ಲವನ್ನೂ ಸರಿಪಡಿಸಲು ಆದರೆ ನೂರಕ್ಕೆ 45ರಷ್ಟು ಡಿಮೆನ್ಶಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದಂತೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಕಿವುಡು, ಒಂಟಿತನ ಎಲ್ಲ ಅದರಲ್ಲಿವೆ. ಚಿಕ್ಕಂದಿನಲ್ಲಿ ಶಾಲೆ ತಪ್ಪಿದ್ದೂ ಇದೆ. ಅವ್ವನನ್ನು ಎರಡನೇ ಇಯತ್ತೆಯಲ್ಲಿ ಬಿಡಿಸಿದ್ದರಂತೆ, ತಮ್ಮನನ್ನು ಎತ್ತಿಕೊಳ್ಳಲು. ನಿಮ್ಮ ಮಗಳು ಕಳೆದ ತಿಂಗಳು ಆರು ದಿನ ಬಂದಿಲ್ಲ ಅಕ್ಕಾರೆ. ಆಯಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಇಟ್ಟುಕೊಂಡಿದ್ದಿರಿ ಎಂದು ಅವಳೇ ಹೇಳಿದಳು. ಸಭೆಯಲ್ಲಿ ಎಲ್ಲರೆದುರು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಬೇಕಾದರೆ ನಮ್ಮ ಮನೆಗೆ ಬರುವ ಹೆಣ್ಣುಮಗಳನ್ನು ನಿಮ್ಮ ಮನೆಗೂ ಒಂದು ತಾಸು ಕಳಿಸುವ ದಾರಿ ನೋಡೋಣ.

ಅವ್ವ ಈಗ ಕೌದಿ ಹೊಲಿಯುತ್ತಾಳೆ. ಪ್ರಾಯದಲ್ಲಿ ಓಣಿಗೆಲ್ಲ ಹೊಲಿದುಕೊಟ್ಟ ಕೈ ಅದು. ನನ್ನ ಹೆಸರು ಮರೆತಿದ್ದಾಳೆ, ಕೈ ಮಾತ್ರ ಟಾಕಿ ಮರೆತಿಲ್ಲ. ಮೊಂಡು ತುದಿಯ ದೊಡ್ಡ ಸೂಜಿ ಕೊಟ್ಟಿದ್ದೇವೆ, ದಾರ ಪೋಣಿಸುವುದು ನನ್ನ ಕೆಲಸ. ಮೊನ್ನೆ ರವಿವಾರ ಪಕ್ಕದಲ್ಲಿ ಕೂತು ನಾನೂ ಒಂದು ಸಾಲು ಹಾಕಿದೆ. ಅವ್ವ ಕನ್ನಡಕದ ಮೇಲಿಂದ ನೋಡಿದಳು. "ಯಾವೂರವರ್ರಿ ನೀವು?" ಅಂದಳು. "ಇದೇ ಊರವ" ಅಂದೆ. ನನ್ನ ಸಾಲನ್ನು ಬೆರಳಿನಿಂದ ಸವರಿ, ಸೂಜಿ ಕಸಿದುಕೊಂಡು, ಹಾಕಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದಳು.

"ಹಿಂಗಲ್ಲ ತಮ್ಮಾ, ಸೊಟ್ಟ ಬಂದದ. ಇಲ್ಲಿ ನೋಡು."